ಸಹಾಯ ಬೇಕು: ನಂಬಿಕೆಯಿಲ್ಲದವನು ಮಗನಿಗೆ ಪಿಂಡ ಬಿಡಲು ಕೂರಬಹುದೇ?

ನಾವು ಕುಂಬಳೆಯ ಹತ್ತಿರದವರು. 19 ವರ್ಷದ ಮಗ ಬೈಕ್ ಅಪಘಾತದಲ್ಲಿ ಹೋಗಿ 10 ತಿಂಗಳಾಯಿತು.

ಹೆಂಡತಿ ದಿನವೂ ರಾತ್ರಿ ಹಿಂಬದಿಯ ಜಗಲಿಯಲ್ಲಿ ಅವನಿಗೆಂದು ಎಲೆ ಹಾಕಿ ಬಡಿಸುತ್ತಾಳೆ, ಮೀನು ಸಾರಿನ ಸಮೇತ. ನನಗೋ ದೈವ, ಕುಲೆ (ಸತ್ತವರ ಆತ್ಮ) ಯಾವುದರಲ್ಲೂ ನಂಬಿಕೆಯಿಲ್ಲ. "ನಿಮಗೆ ಅವನು ಇಷ್ಟು ಬೇಗ ಮುಗಿದುಹೋದನಾ?" ಎಂದು ಕೇಳುತ್ತಾಳೆ. ಮುಗಿದಿಲ್ಲ. ಅವನ ಹೆಲ್ಮೆಟ್ಟನ್ನು ನಾನು ದಿನಾ ಒರೆಸಿಡುವುದು ಅವಳಿಗೆ ಗೊತ್ತಿಲ್ಲ.

ಮಂಗಳೂರಿನಲ್ಲಿ ಆಪ್ತಸಮಾಲೋಚಕರ ಬಳಿ ಎರಡು ಸಲ ಹೋದೆವು. ಅವರ ಮುಂದೆ ಇಬ್ಬರೂ ಮೌನ. ಮಾವ ಆಗಲೇ ಪ್ರೇತ ಮದುವೆಗೆ, ಅಂದರೆ ತೀರಿಕೊಂಡವರಿಬ್ಬರಿಗೆ ಮಾಡಿಸುವ ಮದುವೆಗೆ, ಹೆಣ್ಣು ವಿಚಾರಿಸುತ್ತಿದ್ದಾರೆ (ಅದಕ್ಕೂ ಬಳಿ, ಅಂದರೆ ಕುಲದ ಗೋತ್ರ, ನೋಡಬೇಕಂತೆ!).

ಈಗ ಆಟಿ (ತುಳು ತಿಂಗಳು) ಅಮಾವಾಸ್ಯೆಗೆ ಕಾಸರಗೋಡು ಜಿಲ್ಲೆಯ ತೃಕ್ಕಣ್ಣಾಡಿನ ಕಡಲತೀರದಲ್ಲಿ ಪಿಂಡ ಬಿಡಬೇಕು, ನೀವೇ ಕೂರಬೇಕು ಎನ್ನುತ್ತಾಳೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ. ನಂಬದೆ ಕುಳಿತರೆ ಅವಳಿಗೆ ಮೋಸ ಮಾಡಿದಂತೆ; ಕೂರದಿದ್ದರೆ ಅವಳನ್ನು ಒಂಟಿ ಮಾಡಿದಂತೆ. ಪಕ್ಕದಲ್ಲಿ ನಿಂತಿರುತ್ತೇನೆ ಎಂದರೆ ಒಪ್ಪುತ್ತಿಲ್ಲ.

ನಿಮ್ಮಲ್ಲಿ ಯಾರಾದರೂ, ನಂಬಿಕೆಯಿಲ್ಲವೆಂದು ಸಂಗಾತಿಗೆ ಬಾಯಿಬಿಟ್ಟು ಹೇಳಿಯೇ ಇಂಥ ಕರ್ಮಕ್ಕೆ ಕುಳಿತದ್ದುಂಟೇ? ಆಮೇಲೆ ನಿಮ್ಮಿಬ್ಬರ ನಡುವೆ ಏನಾಯಿತು?