ಹೊರಹೊಮ್ಮುವುದೋ, ಒಡಮೂಡುವುದೋ?

ಎಲ್ಲರಿಗೂ ನಮಸ್ಕಾರ.

ವ್ಯಕ್ತಿಗೂ ಸಮಾಜಕ್ಕೂ ಇರುವ ನಂಟನ್ನು ಸಂಕೀರ್ಣತೆಯ ಕಣ್ಣಿನಿಂದ ನೋಡುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪದಗಳು ಕೈಕೊಡುತ್ತಿವೆ.

'ಕಾಂಪ್ಲಿಕೇಟೆಡ್', 'ಕಾಂಪ್ಲೆಕ್ಸ್' ಸಂಕೀರ್ಣತೆಯ ಶಾಸ್ತ್ರದಲ್ಲಿ ಬೇರೆ ಬೇರೆ. ಗಡಿಯಾರವನ್ನು ಬಿಚ್ಚಿ ಜೋಡಿಸಿದರೆ ಮತ್ತೆ ಅದೇ ಗಡಿಯಾರ. ಜನರ ಗುಂಪು ಹಾಗಲ್ಲ. ಮೊದಲನೆಯದಕ್ಕೆ ಜಟಿಲ, ಎರಡನೆಯದಕ್ಕೆ ಸಂಕೀರ್ಣ ಎಂದು ಇಟ್ಟುಕೊಂಡಿದ್ದೇನೆ. ಧಾತು ಕೆದಕಿದರೆ ಮಾತ್ರ ಕಸಿವಿಸಿ: ಸಂಕೀರ್ಣವು ಪ್ರಕೀರ್ಣ, ವಿಕೀರ್ಣಗಳ ದಾಯಾದಿ, ಅದರಲ್ಲಿರುವುದು ಚೆಲ್ಲುವ ಅರ್ಥ. 'ಕಾಂಪ್ಲೆಕ್ಸ್'ನ ಲ್ಯಾಟಿನ್ ಮೂಲದಲ್ಲಿರುವುದು ಹೆಣೆಯುವ ಅರ್ಥ. ಅದಕ್ಕೆ ಜಟೆಯಿಂದ ಬಂದ ಜಟಿಲವೇ ಹತ್ತಿರ! ಅಮೆರಿಕದ ಗಣಿತಜ್ಞ ವಾರನ್ ವೀವರ್ 1948ರಲ್ಲೇ ಸಂಘಟಿತ (ಬಿಡಿಗಳು ಒಂದಕ್ಕೊಂದು ಹೆಣೆದುಕೊಂಡದ್ದು) ಮತ್ತು ಅಸಂಘಟಿತ (ಬಿಡಿಗಳು ಚೆಲ್ಲಾಪಿಲ್ಲಿಯಾದದ್ದು) ಸಂಕೀರ್ಣತೆ ಎಂದು ಎರಡು ಬಗೆ ಮಾಡಿದ. ನಮ್ಮ ಪದದ ಧಾತು ಎರಡನೆಯದರ ಕಡೆಗೇ ವಾಲುತ್ತದೆ. ಇರಲಿ, ಬಳಕೆಯ ಮುಂದೆ ಧಾತುವಿನ ಆಟ ನಡೆಯದು.

ನಿಜವಾದ ತೊಡಕು 'ಎಮರ್ಜೆನ್ಸ್', ಅಂದರೆ ಬಿಡಿಬಿಡಿಯಾಗಿ ಯಾರಲ್ಲೂ ಇಲ್ಲದ ಗುಣವೊಂದು ಎಲ್ಲರೂ ಕೂಡಿದಾಗ ಕಾಣಿಸಿಕೊಳ್ಳುವುದು. ನಾಟಕ ಮುಗಿದು ಚಪ್ಪಾಳೆ ಬೀಳುತ್ತದೆ ಎನ್ನಿ. ಮೊದಲು ಹೆಂಚಿನ ಮೇಲಿನ ಮಳೆಯಂತೆ ಚದುರಿದ ಸದ್ದು. ಕೆಲವೊಮ್ಮೆ ನೋಡನೋಡುತ್ತಿದ್ದಂತೆ ಅಷ್ಟೂ ಕೈಗಳು ಒಂದೇ ಲಯಕ್ಕೆ ಬೀಳುತ್ತವೆ. ತಾಳ ಹಾಕಿಕೊಟ್ಟವರಿಲ್ಲ, ಅಕ್ಕಪಕ್ಕದ ಸದ್ದು ಕೇಳುತ್ತ ಪ್ರತಿಯೊಬ್ಬರೂ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿರುತ್ತಾರೆ, ಅಷ್ಟೆ. ಆ ಲಯಕ್ಕೆ ಏನಾಯಿತು ಎನ್ನೋಣ?

'ಹೊರಹೊಮ್ಮಿತು' ಎಂದರೆ ಒಳಗಿದ್ದದ್ದು ಹೊರಬಂದಂತೆ. ಅದು ಯಾರ ಕೈಯೊಳಗೂ ಇರಲಿಲ್ಲ. 'ಉದ್ಭವಿಸಿತು' ಎಂದರೆ ಯಾರ ಹಂಗೂ ಇಲ್ಲದೆ ತಾನೇ ಎದ್ದು ನಿಂತಂತೆ. ನನ್ನ ಒಲವು 'ಒಡಮೂಡು' ಕಡೆಗೆ. ಒಡಹುಟ್ಟು, ಒಡನಾಟಗಳಲ್ಲಿರುವ 'ಒಡ' ಇಲ್ಲಿಯೂ ಇದೆ: ಜೊತೆಗೂಡಿದ್ದರಿಂದ ಮೂಡಿದ್ದು. ಪತ್ರಿಕೆಗಳ ಬಳಕೆಯಲ್ಲಿ ಅದು ಬರೀ 'ಉಂಟಾಯಿತು' ಎಂಬಷ್ಟಕ್ಕೆ ಸವೆದಿದೆ, ಆದರೂ ಕಸುವು ಹೋಗಿಲ್ಲ.

ಇದರ ಬೆನ್ನಿಗೇ ಇನ್ನೊಂದು. 'ವ್ಯಕ್ತಿ ಸಮಾಜದ ಭಾಗ' ಎಂದು ಬರೆದರೆ ಮತ್ತೆ ಗಡಿಯಾರ; 'ಅಂಗ' ಎಂದರೆ ಸಮಾಜವೇ ಒಂದು ದೇಹ. ಚಪ್ಪಾಳೆ ತಟ್ಟುವವನು ಲಯವನ್ನು ಕಟ್ಟುತ್ತಲೇ ಅದಕ್ಕೆ ಒಳಗಾಗಿರುತ್ತಾನೆ, ಇವೆರಡನ್ನೂ ಹೇಳುವ ಪದ ಬೇಕು. (ಅಮರಕೋಶದಲ್ಲಿ ಪಶುಗಳ ಗುಂಪು 'ಸಮಜ', ಉಳಿದವರದು 'ಸಮಾಜ'. ವ್ಯತ್ಯಾಸ ಒಂದು ದೀರ್ಘದ್ದು!) ಸದ್ಯಕ್ಕೆ 'ಬಿಡಿ', 'ಇಡಿ' ಜೋಡಿಯನ್ನು ಬಳಸಿದ್ದೇನೆ, ತೃಪ್ತಿಯಿಲ್ಲ.

'ಒಡಮೂಡಿಕೆ' ಎಂಬ ನಾಮರೂಪ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಎಲ್ಲಾದರೂ ಓದಿದ ನೆನಪಿದ್ದರೆ ಆ ವಾಕ್ಯವನ್ನೇ ಬರೆದು ಕಳಿಸಿ.