ಜಿಎಲ್‌ಫ್ಲಷ್ ಹಾಕಿದರೂ ತ್ರಿಕೋನ ಕಾಣ್ತಿಲ್ಲ

ಪ್ರಶ್ನೆ (ವಿದ್ಯಾರ್ಥಿ, ವಿಜಯಪುರ): ಮೇಡಂ, ಓಪನ್‌ಜಿಎಲ್‌ನಲ್ಲಿ (ಚಿತ್ರ ಬಿಡಿಸುವ ಗ್ರಾಫಿಕ್ಸ್ ವ್ಯವಸ್ಥೆ) ಗ್ಲಟ್ (ವಿಂಡೋ ತೆರೆಯುವ ಲೈಬ್ರರಿ) ಬಳಸಿ ಒಂದು ತ್ರಿಕೋನ ಬಿಡಿಸುವ ಪ್ರೋಗ್ರಾಂ ಬರೆದಿದ್ದೇನೆ. ಎರರ್ ಇಲ್ಲ. ವಿಂಡೋ ತೆರೆಯುತ್ತದೆ, ಒಳಗೆ ಏನೂ ಇಲ್ಲ. ಅದೇ ಲ್ಯಾಬ್ ಕಂಪ್ಯೂಟರ್‌ನಲ್ಲಿ ಗೆಳೆಯನ ಪ್ರೋಗ್ರಾಂ ಸಾವಿರಾರು ಚುಕ್ಕೆ ಬಿಡಿಸುತ್ತದೆ. ಕಮಾಂಡ್‌ಗಳನ್ನು ಕೂಡಲೇ ಕಳಿಸುವ ಜಿಎಲ್‌ಫ್ಲಷ್ ಅವನೂ ಬರೆದಿಲ್ಲ, ನಾನೂ ಬರೆದಿಲ್ಲ.

ಉತ್ತರ (ಗ್ರಾಫಿಕ್ಸ್ ಪ್ರೋಗ್ರಾಮರ್, ಬೆಳಗಾವಿ): ತಮ್ಮಾ, ನಿನ್ನ ಚಿತ್ರ ತೀರಾ ಸಣ್ಣದು, ಅದೇ ತೊಂದರೆ ಇರಬಹುದು. ನೀನು ಕೊಟ್ಟ ಕಮಾಂಡ್‌ಗಳು ಒಂದೊಂದಾಗಿ ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದಿಲ್ಲ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಅವನ್ನು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಜಾಗದಲ್ಲಿ, ಕೂಡಿಟ್ಟು ಒಟ್ಟಿಗೆ ಕಳಿಸುತ್ತದೆ. ಖಾನಾವಳಿ ಹುಡುಗ ನಾಲ್ಕು ಟೇಬಲ್‌ನ ಆರ್ಡರ್ ತಲೆಯಲ್ಲಿಟ್ಟುಕೊಂಡು ಒಮ್ಮೆಲೇ ಒಳಗೆ ಕೂಗುವುದಿಲ್ಲವೇ, ಹಾಗೆ. ನೀನೊಬ್ಬನೇ ಕೂತು ಒಂದು ರೊಟ್ಟಿ ಹೇಳಿದರೆ ಅವನು ನಿಂತೇ ಇರುತ್ತಾನೆ. ಗೆಳೆಯನ ಚುಕ್ಕೆಗಳಿಂದ ಬಫರ್ ತುಂಬಿ ತಾನಾಗಿಯೇ ಹೊರಟಿದೆ. ಅವನದರಲ್ಲೂ ಕೊನೆಯ ಕೆಲವು ಚುಕ್ಕೆ ಉಳಿದಿರಬಹುದು, ಎಣಿಸಿದವರು ಯಾರು! ಡಿಸ್‌ಪ್ಲೇ ಫಂಕ್ಷನ್ ಕೊನೆಗೆ ಜಿಎಲ್‌ಫ್ಲಷ್ ಹಾಕಿ ನೋಡು.

ವಿದ್ಯಾರ್ಥಿ: ಹಾಕಿದೆ ಮೇಡಂ, ಇನ್ನೂ ಖಾಲಿ. ಒಂದು ವ್ಯತ್ಯಾಸ ಈಗ ಕಂಡಿತು. ಅವನ ಮೇನ್‌ನಲ್ಲಿ ಗ್ಲಟ್_ಸಿಂಗಲ್ ಇದೆ, ನನ್ನದರಲ್ಲಿ ಗ್ಲಟ್_ಡಬಲ್. ಎಲ್ಲಿಂದಲೋ ಕಾಪಿ ಮಾಡಿದ್ದು.

ಉತ್ತರ: ಇದನ್ನು ಮೊದಲೇ ಹೇಳಬಾರದಿತ್ತಾ! ಹಾಗಾದರೆ ನಾನು ತಪ್ಪು ಬಫರನ್ನು ಬೈದೆ. ಡಬಲ್ ಅಂದರೆ ಚಿತ್ರಕ್ಕೇ ಎರಡು ಬಫರ್. ನೀನು ಬಿಡಿಸುವುದು ಹಿಂದಿನದರಲ್ಲಿ, ಪರದೆಗೆ ಬರುವುದು ಮುಂದಿನದು. ಫ್ಲಷ್ ಮಾಡಿದಾಗ ತ್ರಿಕೋನ ಮೂಡಿದೆ, ಆದರೆ ಹಿಂದೆಯೇ ಕೂತಿದೆ. ಫ್ಲಷ್ ತೆಗೆದು, ಹಿಂದಿನದನ್ನು ಮುಂದೆ ತರುವ ಗ್ಲಟ್‌ಸ್ವಾಪ್‌ಬಫರ್ಸ್ ಹಾಕು, ಅದು ಫ್ಲಷ್ ಕೆಲಸವನ್ನೂ ಮಾಡುತ್ತದೆ. ಫ್ಲಷ್ ಉಳಿಸಿಕೊಂಡು ಸಿಂಗಲ್ ಮಾಡಿದರೂ ನಡೆಯುತ್ತದೆ. ಆದರೆ ನಾಳೆ ತ್ರಿಕೋನ ತಿರುಗಿಸಲು ಹೋದರೆ ಮಿಣುಕುತ್ತದೆ.

ಇನ್ನೊಬ್ಬರು (ಬಾಗಲಕೋಟೆ): ನಡುವೆ ಬಾಯಿ ಹಾಕ್ತೀನಿ. ಎಲ್ಲ ಕಡೆ ಜಿಎಲ್‌ಫಿನಿಶ್ ಹಾಕಿಬಿಟ್ಟರೆ ಗಟ್ಟಿ ಅಲ್ವಾ?

ಉತ್ತರ: ಬೇಡ್ರಿ. ಫ್ಲಷ್ ಆರ್ಡರ್ ಕೂಗಿ ತನ್ನ ಕೆಲಸಕ್ಕೆ ಹೋಗುತ್ತದೆ. ಫಿನಿಶ್ ಕೊನೆಯ ರೊಟ್ಟಿ ಬೇಯುವ ತನಕ ಒಲೆ ಮುಂದೆ ನಿಲ್ಲುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಂದರೆ ಒಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅದರಲ್ಲಿ ಸಿಪಿಯು ಸುಮ್ನೆ ಕಾಯುತ್ತಾ ನಿಂತರೆ ಹೇಗ್ರಿ? ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವಾಗ ಮಾತ್ರ ನಾನು ಅದನ್ನು ಹಾಕುತ್ತೇನೆ.

ವಿದ್ಯಾರ್ಥಿ: ಬಂತು ಮೇಡಂ, ಕೆಂಪು ತ್ರಿಕೋನ! ಆದರೆ ನಡುವೆ ಹಾಕಿದ್ದ ಪ್ರಿಂಟ್‌ಎಫ್ ಟರ್ಮಿನಲ್‌ನಲ್ಲಿ ಕಾಣುತ್ತಿಲ್ಲ.

ಉತ್ತರ: ಅದು ಸಿ ಭಾಷೆಯ ಬಫರ್, ಓಪನ್‌ಜಿಎಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಕೊನೆಗೆ ಬ್ಯಾಕ್‌ಸ್ಲ್ಯಾಶ್ ಎನ್ (ಹೊಸ ಸಾಲಿನ ಗುರುತು) ಮರೆತಿದ್ದೀಯ, ಅದಕ್ಕೇ ಅಕ್ಷರ ಆ ಬಫರ್‌ನಲ್ಲೇ ಉಳಿದಿದೆ, ನೋಡು.