ಲೋಹಕ್ಕೆ ‘ಆಯಾಸ’ವೋ, ‘ನವೆತ’ವೋ?

ಗೆಳೆಯರೇ,

ಮುರಿದ ಯಂತ್ರದ ಭಾಗಗಳನ್ನು ಲ್ಯಾಬಿನಲ್ಲಿ ನೋಡಿ, ಯಾಕೆ ಮುರಿಯಿತು ಅಂತ ಹೇಳುವುದು ನನ್ನ ಕೆಲಸ. ಕಳೆದ ವಾರ ಒಂದು ಪಂಪಿನ ಶಾಫ್ಟ್ ಬಂದಿತ್ತು. ಇಂಗ್ಲಿಷಿನಲ್ಲಿ ಫಟೀಗ್ (ದಣಿವು) ಅನ್ನುತ್ತಾರಲ್ಲ, ಅದರಿಂದ ಮುರಿದದ್ದು. ವರದಿಯ ಸಾರವನ್ನು ಕನ್ನಡದಲ್ಲಿ ಬರೆದು ‘ಆಯಾಸ ಮುರಿತ’ ಎಂದೆ. ಅಲ್ಲಿನ ಫಿಟ್ಟರ್ ಓದಿ, “ಹಾಗಾದ್ರೆ ಭಾನುವಾರ ರಜೆ ಕೊಟ್ಟಿದ್ರೆ ಸರಿಹೋಗ್ತಿತ್ತಾ ಸಾರ್?” ಅಂದರು.

ತಮಾಷೆಗೆ ಕೇಳಿದ್ದು, ಆದರೆ ತಪ್ಪು ಪದದ್ದೇ. ನಮ್ಮ ಆಯಾಸ, ದಣಿವು, ಸುಸ್ತು ಎಲ್ಲ ಮಲಗೆದ್ದರೆ ಹೋಗುತ್ತವೆ. ಲೋಹದ್ದು ಹೋಗುವುದಿಲ್ಲ. ಒಂದು ಸಲಕ್ಕೆ ಏನೂ ಮಾಡದಷ್ಟು ಸಣ್ಣ ಹೊರೆ ಲಕ್ಷಾಂತರ ಸಲ ಬಂದು ಹೋದಾಗ, ಎಲ್ಲೋ ಒಂದು ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ಈ ಶಾಫ್ಟಿನಲ್ಲಿ ಅದು ಕೀವೇ, ಅಂದರೆ ಬೆಣೆ ಕೂರಲು ಕೊರೆದ ತೋಡಿನ ಮೂಲೆ. ಬಿರುಕು ಚೂರುಚೂರೇ ಬೆಳೆಯುತ್ತದೆ. ಉಳಿದ ಲೋಹ ಹೊರೆ ತಾಳದಾದಾಗ ಫಟ್ಟನೆ ತುಂಡು. ಎಷ್ಟು ದಿನ ನಿಲ್ಲಿಸಿಟ್ಟರೂ ಬಿರುಕು ಕೂಡಿಕೊಳ್ಳುವುದಿಲ್ಲ.

1854ರಲ್ಲೇ ಲಂಡನ್ನಿನಲ್ಲಿ ಎಂಜಿನಿಯರ್ ಫ್ರೆಡರಿಕ್ ಬ್ರೇತ್‌ವೇಟ್ ತಮ್ಮ ಲೇಖನದ ಹೆಸರಿನಲ್ಲೇ ಫಟೀಗ್ ಎಂದು ಬಳಸಿದ್ದರು. ರೈಲಿನ ಅಚ್ಚುಗಳು ಮುರಿದು ಎಂಜಿನಿಯರುಗಳ ತಲೆ ಕೆಡಿಸಿದ್ದ ಕಾಲ. ಜರ್ಮನ್ನರ ಪದದ ಅರ್ಥವೂ ದಣಿವೇ. ಹಾಗಂತ ನಾವೂ ಸುಮ್ನೆ ಒಪ್ಪಿಕೊಳ್ಳಬೇಕೇ?

‘ಸವೆತ’ ಅನ್ನುವಂತಿಲ್ಲ, ಅದು ಉಜ್ಜಿ ಉಜ್ಜಿ ತೆಳ್ಳಗಾಗುವುದು. ‘ಲಡ್ಡಾಗಿದೆ’ ಅನ್ನೋಣವೆಂದರೆ, ಲಡ್ಡಾದ ಮರ ಕಣ್ಣಿಗೇ ಕಾಣುತ್ತದೆ. ಈ ಶಾಫ್ಟಿನ ಮೈ ಇನ್ನೂ ಹೊಸದರ ಹಾಗೆ ಹೊಳೆಯುತ್ತಿದೆ! ನನಗೆ ಹಿಡಿಸಿದ್ದು ‘ನವೆ’. ಕಷ್ಟದಲ್ಲಿ ನವೆದ ಜೀವ ಅನ್ನುತ್ತೇವಲ್ಲ, ಆ ನವೆ. ಒಳಗೊಳಗೇ ಸೊರಗುವ ಅರ್ಥ ಅದರಲ್ಲಿದೆ. ಆದರೆ ‘ನವೆ ಮುರಿತ’ ಅಂದರೆ ಜಾಸ್ತಿ ಜನಕ್ಕೆ ತುರಿಕೆಯೇ ನೆನಪಾಗುತ್ತದೆ, ಅಲ್ವಾ? ‘ನವೆತ’ ಎಂದರೆ ನಡೆದೀತೇ?

ಇನ್ನೊಂದು ದಾರಿಯೂ ಇದೆ. ಇಕ್ಕಳ ಕೈಗೆ ಸಿಗದಿದ್ದಾಗ ತಂತಿಯನ್ನು ಆಚೆ ಈಚೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವೆ. ಇದೂ ಫಟೀಗೇ, ಬೇಗ ಮುಗಿಯುವಂಥದ್ದು. ಈ ಕೆಲಸಕ್ಕೇ ಅಂತ ನಿಮ್ಮ ಕಡೆ ಒಂದು ಮಾತು ಇದೆಯೇ? ಕುಲುಮೆಯವರ ಬಾಯಲ್ಲಿ, ಬೇಲಿ ಕಟ್ಟುವವರ ಬಾಯಲ್ಲಿ? ಇದ್ದರೆ ನನಗೆ ಅದೇ ಬೇಕು.

ಹಾಗೇ ಇನ್ನೊಂದು. ಮುರಿದ ಮೈಮೇಲೆ ಬಿಲ್ಲಿನಂತೆ ಬಾಗಿದ ಗೆರೆಗಳು ಕಾಣುತ್ತವೆ. ಅವನ್ನು ಹಿಡಿದು ಹಿಂದಕ್ಕೆ ಹೋದರೆ ಬಿರುಕು ಹುಟ್ಟಿದ ಜಾಗ ಸಿಗುತ್ತದೆ. ಇಂಗ್ಲಿಷಿನಲ್ಲಿ ಬೀಚ್ ಮಾರ್ಕ್. ಕಪ್ಪೆಚಿಪ್ಪಿನ ಬೆನ್ನಿನ ಹಾಗೇ ಇರುವುದರಿಂದ ನಾನು ‘ಚಿಪ್ಪುಗೆರೆ’ ಎಂದು ಬರೆದೆ. ಇದನ್ನು ಮಾತ್ರ ಆ ಫಿಟ್ಟರ್ ಒಂದೇ ಸಲಕ್ಕೆ ಹಿಡಿದರು, ಹಾಗಾಗಿ ನೀವು ಬೇಡವೆಂದರೂ ಬಿಡಲಾರೆ.